ಗೀರು ಬಿದ್ದ ಹಾಡಿಗೆ ಸಾಕ್ಷಿ ಯಾರು?

ಪಂಚೇಂದ್ರಿಯಗಳಲ್ಲಿ ಕಿವಿಯಷ್ಟು ಉದಾರಿ ಮತ್ತೊಂದಿಲ್ಲ. ಗಾಯಕನು ಒಂದಕ್ಷರವನ್ನು ನುಂಗಿದರೆ ಹಿಂದುಮುಂದಿನ ಅಕ್ಷರಗಳ ಬಲದಿಂದ ಅದನ್ನು ತುಂಬಿಕೊಳ್ಳುತ್ತದೆ. ಆಲಾಪನೆಯ ನಡುವೆ ಬೀದಿಯಲ್ಲಿ ಲಾರಿಯೊಂದು ಗುಡುಗಿಕೊಂಡು ಹೋದರೆ ಕೇಳಿಯೂ ಕೇಳದಂತೆ ಇದ್ದುಬಿಡುತ್ತದೆ. ಕಿವಿಯ ಈ ದೊಡ್ಡತನವನ್ನು ಚೆನ್ನಾಗಿ ಅರಿತು ರೂಪಿಸಿದ ಸಾಧನ, ಸಿ.ಡಿ. ಎಂದು ಎಲ್ಲರೂ ಕರೆಯುವ ಧ್ವನಿಸಾಂದ್ರಿಕೆ. ಕೇಳುವವನ ಪಾಲಿಗೆ ಅದು ವರವೇ ಸರಿ. ಆದರೆ ಅದರಲ್ಲಿರುವ ಹಾಡನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ಮುಂದಿನ ತಲೆಮಾರಿಗೆ ಉಳಿಸಬೇಕೆಂದು ಹೊರಟವನಿಗೆ ಆ ವರವೇ ತೊಡಕಾಗುವುದುಂಟು. ತಪ್ಪನ್ನು ತಿದ್ದುವುದು ಬೇರೆ, ತಪ್ಪನ್ನು ಮುಚ್ಚುವುದು ಬೇರೆ. ಸಿ.ಡಿ. ಓದುವ ಯಂತ್ರ ಎರಡನ್ನೂ ಮಾಡುತ್ತದೆ. ಯಾವಾಗ ಯಾವುದನ್ನು ಮಾಡಿತೆಂದು ಮಾತ್ರ ತಾನಾಗಿ ಹೇಳುವುದಿಲ್ಲ.

ಬೆಂಗಳೂರಿನ ಹೊರವಲಯದ ಅನೇಕ ಮನೆಗಳಲ್ಲಿ ಈಗ ಈ ಪ್ರಶ್ನೆ ತಲೆದೋರಿದೆ. 1978ರಲ್ಲಿ ಎರಡು ಸಂಗತಿಗಳು ನಡೆದುವು. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದು ಭಾವಗೀತೆ ಕನ್ನಡಿಗರ ಮನೆಯೊಳಕ್ಕೆ ಕಾಲಿಟ್ಟಿತು. ಅದೇ ವರ್ಷ ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿ ಹಾಡಿತು. ಎರಡಕ್ಕೂ ಸಂಬಂಧವೇನೂ ಇರಲಿಲ್ಲ. ಆದರೆ ಮುಂದೆ ಊರೂರಿನಿಂದ ಉದ್ಯೋಗಕ್ಕೆಂದು ಎಲೆಕ್ಟ್ರಾನಿಕ್ ಸಿಟಿಗೂ ವೈಟ್‌ಫೀಲ್ಡಿಗೂ ಪೀಣ್ಯಕ್ಕೂ ಬಂದು ನೆಲಸಿದವರು ಬಟ್ಟೆಬರೆಗಳೊಡನೆ ಹಾಡುಗಳನ್ನೂ ತಂದರು. ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಮೊದಲಾದವರ ಕಂಠಗಳು ಆ ತಟ್ಟೆಗಳಲ್ಲಿ ಬಂದುವು. ಇವುಗಳ ಜೊತೆಗೆ ಯಾವ ಅಂಗಡಿಯಲ್ಲೂ ದೊರೆಯದ ತಟ್ಟೆಗಳೂ ಇದ್ದುವು: ಊರಿನ ಭಜನಾ ಮಂಡಳಿಯವರು ಚಿಕ್ಕ ಸ್ಟುಡಿಯೋ ಒಂದರಲ್ಲಿ ಹಾಡಿ ಕೆಲವೇ ಪ್ರತಿ ಮಾಡಿಸಿದ್ದು, ಮದುವೆಯ ಚಪ್ಪರದಲ್ಲಿ ಅಜ್ಜಿ ಹೇಳಿದ ಸೋಬಾನೆ ಪದ.

ಆ ತಟ್ಟೆಗಳು ಈಗ ಕಪಾಟಿನ ಮೇಲಂತಸ್ತಿನಲ್ಲಿವೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಇಡುವ ಜಾಗವೇ ಇಲ್ಲ. ಎಸ್. ಪಿ. ರಸ್ತೆಯಿಂದ ತಂದ ಹೊರಜೋಡಣೆಯ ಡ್ರೈವ್ ಒಂದನ್ನು ಸಿಕ್ಕಿಸಿ ತಟ್ಟೆಯನ್ನು ಹಾಕಿದರೆ ಐದಾರು ನಿಮಿಷದಲ್ಲಿ ಹಾಡುಗಳೆಲ್ಲ ಕಂಪ್ಯೂಟರಿಗೆ ಇಳಿದುಬಿಡುತ್ತವೆ. ಯಂತ್ರ ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ. ತಟ್ಟೆಯ ಬೆನ್ನಮೇಲೆ ಬೆರಳುದ್ದದ ಗೀರಿದ್ದರೂ ‘ಕೆಲಸ ಮುಗಿಯಿತು’ ಎಂಬ ಸಂದೇಶ ಬರುತ್ತದೆ. ಹಾಗಾದರೆ ಆ ಗೀರಿನ ಕೆಳಗಿದ್ದ ನಾದವೆಲ್ಲ ಎಲ್ಲಿ ಹೋಯಿತು?

ಬೆಳಕಿನ ಮೊನೆ

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ 1980ರಲ್ಲಿ ಈ ತಟ್ಟೆಯ ಲಕ್ಷಣಗಳನ್ನು ನಿಶ್ಚಯಿಸಿದುವು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ನಾದದ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಎಡಬಲಗಳ ಎರಡು ವಾಹಿನಿಗಳಲ್ಲಿ ಒಂದೊಂದು ಅಳತೆಗೂ 16 ಬಿಟ್‌ಗಳ ಸಂಖ್ಯೆಯನ್ನು ಬರೆಯುವುದು ಅದರ ಕ್ರಮ. ಎಂದರೆ ಒಂದು ಸೆಕೆಂಡಿನ ಹಾಡಿಗೆ 14,11,200 ಬಿಟ್‌ಗಳು. ಇವೆಲ್ಲ 12 ಸೆಂಟಿಮೀಟರ್ ಅಗಲದ ತಟ್ಟೆಯಲ್ಲಿ ಸುರುಳಿಸುತ್ತಿದ ಒಂದೇ ಸಾಲಿನಲ್ಲಿ ಕಿರುಗುಳಿಗಳಾಗಿ ಅಚ್ಚಾಗಿರುತ್ತವೆ. ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ ಅಂತರ. ತುಂಬಿದ ತಟ್ಟೆಯ ಸುರುಳಿಯನ್ನು ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಮಿಗಿಲಾದೀತು.

ಕೆಳಗಿನಿಂದ ಬರುವ ಲೇಸರ್ ಕಿರಣ 1.2 ಮಿಲಿಮೀಟರ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹಾದು, ಮೇಲ್ಗಡೆಯ ಲೋಹದ ಪದರಕ್ಕೆ ತಾಕಿ ಹಿಂದಿರುಗುತ್ತದೆ. ತಟ್ಟೆಯ ಹೊರಮೈ ತಲುಪಿದಾಗ ಆ ಕಿರಣ ಇನ್ನೂ ಅಗಲವಾಗಿರುತ್ತದೆ. ಒಳಗೆ ಹೋಗುತ್ತ ಮೊನಚಾಗುತ್ತದೆ. ಆದಕಾರಣ ಹೊರಮೈಯ ಸಣ್ಣ ಧೂಳು ಅದರ ಕಣ್ಣಿಗೆ ಮಂಜಿನಂತೆ ಕಂಡು ಮರೆಯಾಗುತ್ತದೆ. ಕೆಳಮೈಯ ಗೀರನ್ನು ಉಜ್ಜಿ ನಯಮಾಡುವುದಕ್ಕೂ ಸಾಧ್ಯ. ಆದರೆ ಹೆಸರು, ಚಿತ್ರ ಅಚ್ಚಾಗಿರುವ ಮೇಲ್ಮೈಯೇ ಬಹು ಸೂಕ್ಷ್ಮವಾದುದು. ಅಲ್ಲಿ ತೆಳುವಾದ ಅರಗಿನ ಲೇಪದ ಕೆಳಗೇ ಲೋಹದ ಪದರವಿದೆ. ಅದು ಕಿತ್ತುಬಂದರೆ ಹಾಡಿನ ಆ ಭಾಗ ಹೋದಂತೆಯೇ. ಇದನ್ನು ತಿಳಿಯದೆ ಕೆಳಮೈಯನ್ನು ಕಾಪಾಡುವ ಭರದಲ್ಲಿ ತಟ್ಟೆಯನ್ನು ಬೋರಲು ಹಾಕುವವರು ಕಡಿಮೆಯಿಲ್ಲ.

ಅಕ್ಕಡಿ ಸಾಲಿನ ಲೆಕ್ಕ

ಗೀರು ಬಿದ್ದೇ ಬೀಳುತ್ತದೆಂದು ಸಿ.ಡಿ.ಯನ್ನು ರೂಪಿಸಿದವರು ಮೊದಲೇ ಎಣಿಸಿದ್ದರು. ಅವರಿಗೆ ನೆರವಾದದ್ದು ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಎಂಬ ಇಬ್ಬರು ಅಮೆರಿಕನ್ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಐದು ಪುಟಗಳ ಲೇಖನ. ಸಂಖ್ಯೆಗಳ ಒಂದು ಗುಂಪಿನ ಜೊತೆಗೆ, ಅವುಗಳಿಂದಲೇ ಲೆಕ್ಕಹಾಕಿದ ಕೆಲವು ಹೆಚ್ಚಿನ ಸಂಖ್ಯೆಗಳನ್ನು ಕಳುಹಿಸಿದರೆ, ದಾರಿಯಲ್ಲಿ ಕೆಲವು ಕೆಟ್ಟುಹೋದರೂ ಉಳಿದವುಗಳಿಂದ ಕೆಟ್ಟದ್ದನ್ನು ಮರಳಿ ಪಡೆಯಬಹುದೆಂಬುದು ಅದರ ತಿರುಳು. ಸಿ.ಡಿ.ಯಲ್ಲಿ ಪ್ರತಿ 24 ಬೈಟ್ ನಾದಕ್ಕೆ 8 ಬೈಟ್ ಇಂಥ ಕಾವಲು ಇರುತ್ತದೆ.

ಆದರೆ ಗೀರು ಚುಕ್ಕೆಯಂತೆ ಒಂದೊಂದು ಸಂಖ್ಯೆಯನ್ನು ಕೆಡಿಸುವುದಿಲ್ಲ, ಸಾಲುಸಾಲಾಗಿ ಅಳಿಸುತ್ತದೆ. ಅದಕ್ಕೂ ಉಪಾಯವಿದೆ. ಬೆಂಗಳೂರಿನ ಸುತ್ತಣ ರೈತರು ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದುಂಟಷ್ಟೆ. ದನ ನುಗ್ಗಿ ಹೊಲದ ಒಂದು ಮೂಲೆಯನ್ನು ಮೇಯ್ದರೆ ಎಲ್ಲ ಬೆಳೆಯಲ್ಲೂ ಅಷ್ಟಷ್ಟು ಹೋದೀತೇ ಹೊರತು ಯಾವ ಒಂದು ಬೆಳೆಯೂ ಪೂರ್ತಿ ಹೋಗುವುದಿಲ್ಲ. ಸಿ.ಡಿ.ಯಲ್ಲಿಯೂ ಒಂದು ಗುಂಪಿನ ಸಂಖ್ಯೆಗಳನ್ನು ಒಂದೇ ಕಡೆ ಇಡದೆ ನೂರಕ್ಕೂ ಹೆಚ್ಚು ಚೌಕಟ್ಟುಗಳ ಉದ್ದಕ್ಕೆ ಚದರಿಸಿಡುತ್ತಾರೆ. ಗೀರು ತಿಂದದ್ದು ಹಲವು ಗುಂಪುಗಳಿಗೆ ಹಂಚಿಹೋಗುತ್ತದೆ. ಒಂದೊಂದು ಗುಂಪೂ ತನ್ನ ಪಾಲಿನ ಚಿಕ್ಕ ನಷ್ಟವನ್ನು ಲೆಕ್ಕದಿಂದ ತುಂಬಿಕೊಳ್ಳುತ್ತದೆ. ಸಾಲಿನ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಒಂದು ಬಿಟ್ ಕೂಡ ತಪ್ಪದಂತೆ ತಿದ್ದುಪಡಿ ಸಾಧ್ಯ. ಇಲ್ಲಿಯವರೆಗೆ ನಡೆಯುವುದು ನಿಜವಾದ ತಿದ್ದುವಿಕೆ.

ಇದೇ ಗಣಿತ ವಾಯೇಜರ್-2 ನೌಕೆ 1986ರಲ್ಲಿ ಯುರೇನಸ್ ಗ್ರಹದ ಬಳಿಯಿಂದ ಕಳುಹಿಸಿದ ಚಿತ್ರಗಳನ್ನೂ ಕಾಯಿತು. ಈಗ ಪೀಣ್ಯದ ಚಹಾ ಅಂಗಡಿಯ ಗೋಡೆಗೆ ಅಂಟಿಸಿರುವ ಕ್ಯೂಆರ್ ಚೀಟಿಯಲ್ಲಿಯೂ ಅದೇ ಇದೆ. ಚೀಟಿಯ ಒಂದು ಮೂಲೆಗೆ ಎಣ್ಣೆ ಹತ್ತಿದರೂ, ಅಂಚು ಸ್ವಲ್ಪ ಹರಿದರೂ, ಹಣ ಸರಿಯಾದ ಖಾತೆಗೇ ಹೋಗುವುದು ಈ ಕಾವಲಿನಿಂದ.

ಮುಚ್ಚಿಟ್ಟ ತಪ್ಪು

ಕಾವಲಿಗೂ ಒಂದು ಮಿತಿಯುಂಟು. ಗೀರು ಆ ಮಿತಿಯನ್ನು ದಾಟಿದಾಗ ಯಂತ್ರ ಏನು ಮಾಡಬೇಕು? ಸುಮ್ಮನಾದರೆ ‘ಟಕ್’ ಎಂಬ ಸದ್ದು ಕಿವಿಗೆ ಹೊಡೆಯುತ್ತದೆ. ಆದ್ದರಿಂದ ಅದು ಊಹೆಗೆ ಇಳಿಯುತ್ತದೆ. ಹಿಂದಿನ ಅಳತೆ 100, ಮುಂದಿನದು 120 ಎಂದಿದ್ದರೆ ನಡುವೆ ಕಾಣೆಯಾದದ್ದು 110 ಇದ್ದೀತೆಂದು ತಾನೇ ಒಂದನ್ನು ಬರೆದುಬಿಡುತ್ತದೆ. ಏಳೆಂಟು ಮಿಲಿಮೀಟರಿನವರೆಗೂ ಈ ತೇಪೆಯ ಕೆಲಸ ಸಾಗುತ್ತದೆ. ಅದಕ್ಕೂ ಮೀರಿದರೆ ನಾದವನ್ನು ಕ್ಷಣಕಾಲ ಅಡಗಿಸುತ್ತದೆ. ತೇಪೆ ಹಾಕಿದ್ದು ಕಿವಿಗೆ ಬಹುಮಟ್ಟಿಗೆ ತಿಳಿಯದು. ಆದರೆ ಅಲ್ಲಿ ಈಗ ಇರುವುದು ಗಾಯಕನ ದನಿಯಲ್ಲ, ಯಂತ್ರದ ಊಹೆ.

ಅಚ್ಚರಿಯ ಸಂಗತಿಯೆಂದರೆ, ಕಂಪ್ಯೂಟರ್ ಕಡತಗಳನ್ನು ತುಂಬಿದ ಸಿ.ಡಿ.ಗೆ ಇದಕ್ಕಿಂತ ಒಂದು ಸುತ್ತು ಹೆಚ್ಚಿನ ಕಾವಲಿದೆ. ಅಲ್ಲಿ 2,352 ಬೈಟ್‌ಗಳ ಪ್ರತಿ ಖಂಡದಲ್ಲಿ 2,048 ಮಾತ್ರ ವಿಷಯಕ್ಕೆ ಮೀಸಲು. ಉಳಿದದ್ದರಲ್ಲಿ ಬಹುಭಾಗ ತಪ್ಪು ಹಿಡಿಯುವುದಕ್ಕೂ ತಿದ್ದುವುದಕ್ಕೂ ಸಲ್ಲುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಒಂದಂಕೆ ತಪ್ಪಿದರೆ ಅನರ್ಥವಾದೀತು. ಅಲ್ಲಿ ಊಹೆಗೆ ಎಡೆಯಿಲ್ಲ. ಹಾಡಿನ ತಟ್ಟೆಯಲ್ಲಾದರೋ ಖಂಡದ 2,352 ಬೈಟ್‌ಗಳೂ ಹಾಡಿಗೇ ಮೀಸಲು. ಕಿವಿ ಕ್ಷಮಿಸೀತೆಂಬ ಭರವಸೆಯೇ ಅದಕ್ಕೆ ಕಾರಣ. ಆದುದರಿಂದಲೇ ಕಡತವನ್ನು ನಕಲು ಮಾಡುವುದಕ್ಕಿಂತ ಹಾಡನ್ನು ನಕಲು ಮಾಡುವುದು ಕಷ್ಟ. ಕಡತ ಕೆಟ್ಟಿದ್ದರೆ ಯಂತ್ರ ‘ಓದಲಾಗುತ್ತಿಲ್ಲ’ ಎಂದು ಕೈಚೆಲ್ಲುತ್ತದೆ. ಹಾಡು ಕೆಟ್ಟಿದ್ದರೆ ತೇಪೆ ಹಾಕಿ ಕೊಟ್ಟು ಮೌನವಾಗಿರುತ್ತದೆ.

ಕೇಳಿ ಮುಗಿಸುವ ಹಾಡಿಗೆ ಈ ಮೌನದಿಂದ ಹಾನಿಯಿಲ್ಲ. ಆದರೆ ನಕಲು ಶಾಶ್ವತವಾದುದು. ಮೂಲ ತಟ್ಟೆ ಒಂದು ದಿನ ಕಸಕ್ಕೆ ಹೋಗುತ್ತದೆ. ಆಮೇಲೆ ನಕಲೇ ಮೂಲ.

ಅರವತ್ತನಾಲ್ಕು ಮಾತ್ರೆ

ಈ ತೊಡಕು ಕನ್ನಡಕ್ಕೆ ಹೊಸತಲ್ಲ. ಓಲೆಗರಿಯ ಲಿಪಿಕಾರರೂ ಹೀಗೆಯೇ ಮಾಡುತ್ತಿದ್ದರು. ಹುಳು ತಿಂದ ಜಾಗದಲ್ಲಿ ಕೆಲವರು ಪ್ರಾಮಾಣಿಕವಾಗಿ ಎಡೆ ಬಿಡುತ್ತಿದ್ದರು. ಕೆಲವರು ತಮಗೆ ತೋಚಿದ ಅಕ್ಷರವನ್ನು ತುಂಬಿ ಮುಂದೆ ಸಾಗುತ್ತಿದ್ದರು. ಎಡೆ ಬಿಟ್ಟ ಪ್ರತಿಗಿಂತ ತುಂಬಿದ ಪ್ರತಿಯೇ ಓದುವುದಕ್ಕೆ ಹಿತ. ಗ್ರಂಥಸಂಪಾದಕನಿಗೆ ಮಾತ್ರ ಎಡೆ ಬಿಟ್ಟ ಪ್ರತಿಯೇ ಆಪ್ತಮಿತ್ರ.

ಸಂಪಾದಕನಿಗೆ ಒದಗುವ ಇನ್ನೊಂದು ಸಹಾಯ ಛಂದಸ್ಸು. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20, ಒಟ್ಟು 64. ಎಣಿಕೆ 63 ಬಂದರೆ ಎಲ್ಲಿಯೋ ಒಂದು ಮಾತ್ರೆ ಬಿದ್ದುಹೋಗಿದೆಯೆಂದು ಅರ್ಥಕ್ಕೆ ಕೈಹಾಕುವ ಮೊದಲೇ ತಿಳಿಯುತ್ತದೆ. ಪಾದದ ಎರಡನೆಯ ಅಕ್ಷರ ಅಳಿಸಿದ್ದರೆ ಪ್ರಾಸದ ಬಲದಿಂದ ಅದರ ವ್ಯಂಜನವನ್ನು ಮರಳಿ ಪಡೆಯಬಹುದು. ಕವಿ ಪ್ರಾಸವಿಟ್ಟದ್ದು ಸೊಗಸಿಗೆ. ಕಾಲಾಂತರದಲ್ಲಿ ಅದೇ ಕಾವಲಾಯಿತು. ಗಣಕಯಂತ್ರದವರೂ ಇಂಥದೊಂದು ಎಣಿಕೆಯನ್ನು ಬಳಸುತ್ತಾರೆ. ಹಾಡಿನ ಬೈಟ್‌ಗಳನ್ನೆಲ್ಲ ಒಂದು ಲೆಕ್ಕದ ಗಾಣಕ್ಕೆ ಹಾಕಿ 32 ಬಿಟ್‌ಗಳ ಒಂದು ಮೊತ್ತ ತೆಗೆಯುತ್ತಾರೆ. ಎರಡು ನಕಲುಗಳ ಮೊತ್ತ ಒಂದೇ ಆದರೆ ನಕಲುಗಳೂ ಒಂದೇ. ಬೇರೆ ಬೇರೆ ನಕಲುಗಳಿಗೆ ಆಕಸ್ಮಿಕವಾಗಿ ಒಂದೇ ಮೊತ್ತ ಬರುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು ಪಾಲು.

ಎರಡು ಬಾರಿ ಓದುವ ಉಪಾಯ

ಇಷ್ಟನ್ನು ತಿಳಿದ ಮೇಲೆ ತಪ್ಪು ಹಿಡಿಯುವ ದಾರಿ ಸುಲಭವಾಗಿ ಹೊಳೆಯುತ್ತದೆ: ಒಂದೇ ಜಾಗವನ್ನು ಎರಡು ಬಾರಿ ಓದಿಸಿ, ಎರಡೂ ಉತ್ತರ ಒಂದೇ ಆಗಿದೆಯೇ ಎಂದು ನೋಡುವುದು. ಗೀರಿನ ಮೇಲೆ ಲೇಸರ್ ತಡವರಿಸುವಾಗ ಪ್ರತಿಸಲವೂ ಒಂದೇ ರೀತಿ ತಡವರಿಸುವುದು ಅಪರೂಪ. ಜರ್ಮನಿಯ ಆಂಡ್ರೆ ವೀಥಾಫ್ ಎಂಬವನು 1998ರಲ್ಲಿ ಹೊರತಂದ ‘ಎಕ್ಸ್ಯಾಕ್ಟ್ ಆಡಿಯೋ ಕಾಪಿ’ ಎಂಬ ತಂತ್ರಾಂಶದ ಮೂಲಸೂತ್ರ ಇದು. ಎರಡು ಓದು ಹೊಂದದಿದ್ದಲ್ಲಿ ಅದು ಮತ್ತೆ ಮತ್ತೆ ಓದಿಸುತ್ತದೆ. ಹದಿನಾರು ಓದಿನಲ್ಲಿ ಎಂಟು ಒಂದೇ ಉತ್ತರ ಕೊಟ್ಟರೆ ಅದನ್ನು ಒಪ್ಪುತ್ತದೆ. ಕೊನೆಗೂ ಒಮ್ಮತ ಬಾರದಿದ್ದರೆ ‘ಇಂತಿಷ್ಟನೆಯ ನಿಮಿಷ, ಇಂತಿಷ್ಟನೆಯ ಸೆಕೆಂಡಿನಲ್ಲಿ ಸಂದೇಹ’ ಎಂದು ವರದಿಯಲ್ಲಿ ಬರೆದಿಡುತ್ತದೆ. ಐದು ನಿಮಿಷದ ಕೆಲಸ ಐದು ಗಂಟೆಯೂ ಆದೀತು. ಆದರೆ ಮೌನವಾಗಿ ಹಾಕಿದ ತೇಪೆಗಿಂತ ಈ ಸಂದೇಹದ ಒಂದು ಸಾಲು ಹೆಚ್ಚು ಬೆಲೆಯುಳ್ಳದ್ದು.

ಈ ಉಪಾಯದಲ್ಲೂ ಎರಡು ಮೋಸಗಳುಂಟು. ಮೊದಲನೆಯದು, ಡ್ರೈವಿನ ಜ್ಞಾಪಕಶಕ್ತಿ. ಅನೇಕ ಡ್ರೈವ್‌ಗಳು ಈಗ ತಾನೆ ಓದಿದ್ದನ್ನು ತಮ್ಮ ಒಳಗಣ ಸ್ಮೃತಿಕೋಶದಲ್ಲಿ ಇಟ್ಟುಕೊಂಡಿರುತ್ತವೆ. ಮತ್ತೆ ಓದೆಂದರೆ ತಟ್ಟೆಯನ್ನು ನೋಡದೆ ಅದನ್ನೇ ಒಪ್ಪಿಸುತ್ತವೆ. ಪುಸ್ತಕವನ್ನು ನೋಡಿ ಓದೆಂದರೆ ಕಂಠಪಾಠ ಒಪ್ಪಿಸುವ ಜಾಣ ಹುಡುಗನಂತೆ. ಒಳ್ಳೆಯ ತಂತ್ರಾಂಶ ನಡುವೆ ಬೇರೇನನ್ನೋ ಓದಿಸಿ ಆ ಸ್ಮೃತಿಯನ್ನು ಅಳಿಸಿದ ಬಳಿಕವೇ ಎರಡನೆಯ ಓದಿಗೆ ಕೈಹಾಕುತ್ತದೆ.

ಎರಡನೆಯ ಮೋಸ ಇನ್ನೂ ಆಳವಾದದ್ದು. ಗೀರು ಗಟ್ಟಿಯಾಗಿದ್ದರೆ ಡ್ರೈವ್ ಪ್ರತಿಸಲವೂ ಅದೇ ಜಾಗದಲ್ಲಿ ಸೋತು, ಅದೇ ಊಹೆಯನ್ನು ಮಾಡಿ, ಅದೇ ತಪ್ಪು ಉತ್ತರವನ್ನು ಕೊಡಬಹುದು. ಎರಡು ಓದು ಹೊಂದಿದುವೆಂದು ತಂತ್ರಾಂಶ ನಂಬುತ್ತದೆ. ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಹಳೆಯ ಪಾಠ: ಎರಡು ಹಸ್ತಪ್ರತಿಗಳು ಒಂದೇ ತಪ್ಪಿನಲ್ಲಿ ಹೊಂದಿಕೊಂಡರೆ ಅದು ಪಾಠ ಶುದ್ಧವೆಂಬುದಕ್ಕೆ ಪ್ರಮಾಣವಲ್ಲ, ಎರಡೂ ಒಂದೇ ಮಾತೃಪ್ರತಿಯಿಂದ ಇಳಿದುವೆಂಬುದಕ್ಕೆ ಪ್ರಮಾಣ. 1898ರಲ್ಲಿ ಬಿ. ಎಲ್. ರೈಸ್ ಪಂಪಭಾರತವನ್ನು ಅಚ್ಚು ಮಾಡಿಸಿದ ಮೇಲೆಯೂ 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಮತ್ತೆ ಪರಿಷ್ಕರಿಸಿ ಪ್ರಕಟಿಸಿತು. ಒಂದು ಮುದ್ರಣ ಬಂತೆಂದು ಪಾಠದ ವಿಚಾರ ಮುಗಿಯುವುದಿಲ್ಲ. ಸಂಬಂಧವಿಲ್ಲದ ಇನ್ನೊಂದು ಪ್ರತಿ ಬಂದು ಹೌದೆಂದಾಗ ಅದಕ್ಕೆ ಬಲ ಬರುತ್ತದೆ.

ಸಿ.ಡಿ.ಗೂ ಅಂಥ ಸ್ವತಂತ್ರ ಸಾಕ್ಷಿಯನ್ನು ಹುಡುಕುವ ಏರ್ಪಾಡಿದೆ. ‘ಆಕ್ಯುರೇಟ್‌ರಿಪ್’ ಎಂಬ ಜಾಗತಿಕ ದಾಖಲೆಯಲ್ಲಿ ನಾನಾ ದೇಶಗಳ ಜನ ತಮ್ಮ ತಮ್ಮ ಡ್ರೈವಿನಲ್ಲಿ ಓದಿದ ಹಾಡುಗಳ ಮೊತ್ತಗಳನ್ನು ಸೇರಿಸುತ್ತ ಬಂದಿದ್ದಾರೆ. ಹಾಡು ಅಲ್ಲಿಲ್ಲ, ಹಾಡಿನ ಎಣಿಕೆ ಮಾತ್ರ ಇದೆ. ವೈಟ್‌ಫೀಲ್ಡಿನ ಮನೆಯೊಂದರಲ್ಲಿ ಬಂದ ಮೊತ್ತವೂ ಲಂಡನ್ನಿನ ಅಪರಿಚಿತನ ಮೊತ್ತವೂ ಒಂದೇ ಆದರೆ ಸಂದೇಹಕ್ಕೆ ಎಡೆಯಿಲ್ಲ. ಇಬ್ಬರ ತಟ್ಟೆಯ ಮೇಲೂ ಒಂದೇ ಜಾಗದಲ್ಲಿ ಒಂದೇ ಬಗೆಯ ಗೀರು ಬೀಳುವುದುಂಟೆ?

ಸಾಕ್ಷಿಯಿಲ್ಲದ ತಟ್ಟೆ

ತೊಡಕು ಬರುವುದು ಇಲ್ಲಿಯೇ. ಲಕ್ಷಗಟ್ಟಲೆ ಮಾರಾಟವಾದ ಪಾಶ್ಚಾತ್ಯ ಸಂಗೀತದ ತಟ್ಟೆಗೆ ಸಾಕ್ಷಿಗಳು ನೂರಾರು. ಚಿಕ್ಕ ಸ್ಟುಡಿಯೋದ ಭಜನೆಯ ತಟ್ಟೆಗೆ ಸಾಕ್ಷಿ ಯಾರು? ಹೆಸರಾಂತ ಕನ್ನಡ ಗಾಯಕರ ಹಾಡಾದರೆ ಅಂತರಜಾಲದಲ್ಲಿ ಎಲ್ಲಿಯೋ ದೊರೆತೀತು. ದೊರೆಯದಿರುವುದೇ ಮನೆಯ ಕಪಾಟಿನಲ್ಲಿ ಒಂಟಿಯಾಗಿ ಕೂತಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾವಲು ಬೇಕಾದ ತಟ್ಟೆಗೇ ಎಲ್ಲರಿಗಿಂತ ಕಡಿಮೆ ಕಾವಲು. ಅದಕ್ಕೆ ಮೇಲಾಗಿ, ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಅಚ್ಚೊತ್ತಿದ ಗುಳಿಗಳಿಲ್ಲ. ಬಣ್ಣದ ಲೇಪವೊಂದನ್ನು ಲೇಸರಿನಿಂದ ಸುಟ್ಟು ಮಾಡಿದ ಗುರುತುಗಳಿವೆ. ಬಿಸಿಲಿಗೂ ವಯಸ್ಸಿಗೂ ಆ ಬಣ್ಣ ಮಾಸುತ್ತದೆ. ಗೀರೇ ಇಲ್ಲದ ತಟ್ಟೆಯೂ ಕ್ರಮೇಣ ಮಾತು ಮರೆಯುತ್ತದೆ.

ಇಂಥ ತಟ್ಟೆಗೆ ಸಾಕ್ಷಿಯನ್ನು ಮನೆಯವರೇ ಕಲ್ಪಿಸಿಕೊಡಬೇಕು. ಹತ್ತಿಯ ಮೆದುಬಟ್ಟೆಯಿಂದ ತಟ್ಟೆಯನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುವಿ ಒರೆಸಿದರೆ ಬೀಳುವ ಗೀರು ಸಾಲಿನ ಉದ್ದಕ್ಕೇ ಬಿದ್ದು ಅಕ್ಕಡಿಯ ಉಪಾಯವನ್ನೂ ಸೋಲಿಸುತ್ತದೆ. ಆಮೇಲೆ ಒಂದು ಡ್ರೈವಿನಲ್ಲಿ ಸಾವಧಾನದ ಕ್ರಮದಿಂದ ಓದಿಸಿ ಪ್ರತಿ ಹಾಡಿನ ಮೊತ್ತವನ್ನು ಬರೆದಿಟ್ಟುಕೊಳ್ಳಬೇಕು. ಬಳಿಕ ಬೇರೆ ತಯಾರಿಕೆಯ ಡ್ರೈವಿನಲ್ಲಿ ಇನ್ನೊಮ್ಮೆ. ಸಹೋದ್ಯೋಗಿಯ ಹಳೆಯ ಕಂಪ್ಯೂಟರಿನಲ್ಲಿ ಉಳಿದಿರುವ ಡ್ರೈವ್ ಆದರೂ ಆದೀತು. ಒಂದೊಂದು ತಯಾರಿಕೆಯ ಡ್ರೈವೂ ಹಾಡಿನ ಆರಂಭವನ್ನು ಕೂದಲೆಳೆಯಷ್ಟು ಹಿಂದೆಮುಂದೆ ಹಿಡಿಯುವುದರಿಂದ ಆ ವ್ಯತ್ಯಾಸವನ್ನು ತಂತ್ರಾಂಶದಲ್ಲಿ ಮೊದಲೇ ಸರಿಪಡಿಸಿರಬೇಕು; ಇಲ್ಲದಿದ್ದರೆ ಸರಿಯಾದ ಎರಡು ನಕಲುಗಳ ಮೊತ್ತವೂ ಹೊಂದದು. ಎರಡು ಡ್ರೈವ್‌ಗಳ ಮೊತ್ತ ಹೊಂದಿದ ಹಾಡನ್ನು ನಂಬಬಹುದು. ಹೊಂದದಿದ್ದರೆ ಅದೇ ತಟ್ಟೆಯ ಇನ್ನೊಂದು ಪ್ರತಿ ಬಂಧುಗಳಲ್ಲಿ, ಭಜನಾ ಮಂಡಳಿಯವರಲ್ಲಿ ಇದೆಯೇ ಎಂದು ವಿಚಾರಿಸಬೇಕು. ಗೀರನ್ನು ಉಜ್ಜಿ ನಯಮಾಡುವ ಸಾಹಸ ಕಟ್ಟಕಡೆಯದು. ಅದಕ್ಕೆ ಮೊದಲೇ ದೊರೆತಷ್ಟನ್ನು ಓದಿಸಿಟ್ಟಿರಬೇಕು.

ಇಳಿಸಿದ ಹಾಡನ್ನು ಎಂಪಿ3 ರೂಪದಲ್ಲಿ ಕುಗ್ಗಿಸದೆ ‘ಫ್ಲ್ಯಾಕ್’ ರೂಪದಲ್ಲಿ ಇಡುವುದು ಲೇಸು. ಎಂಪಿ3 ಜಾಗ ಉಳಿಸುವ ಸಲುವಾಗಿ ನಾದದ ಕೆಲವಂಶವನ್ನು ಬಿಟ್ಟುಬಿಡುತ್ತದೆ. 2001ರಿಂದ ಬಳಕೆಯಲ್ಲಿರುವ ಫ್ಲ್ಯಾಕ್ ಏನನ್ನೂ ಬಿಡದೆ ಮಡಿಚಿಡುತ್ತದೆ. ಮೇಲಾಗಿ ಮೂಲನಾದದ ಮೊತ್ತವೊಂದನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಹತ್ತು ವರ್ಷ ಕಳೆದ ಮೇಲೆ ಕಡತ ಹಾಗೆಯೇ ಇದೆಯೇ ಎಂದು ಒರೆಹಚ್ಚಿ ನೋಡಬಹುದು. ತಂತ್ರಾಂಶ ಕೊಟ್ಟ ವರದಿಯನ್ನು ಹಾಡಿನ ಪಕ್ಕದಲ್ಲೇ ಇಡಬೇಕು. ‘ಮೂರನೆಯ ಪದದಲ್ಲಿ ಎರಡು ನಿಮಿಷ ಹನ್ನೊಂದು ಸೆಕೆಂಡಿಗೆ ಸಂದೇಹ’ ಎಂದು ಅದರಲ್ಲಿದ್ದರೆ ನಾಚಬೇಕಾದ್ದಿಲ್ಲ. ಮುಂದೆಂದಾದರೂ ಆ ಸೋಬಾನೆಯ ಇನ್ನೊಂದು ಪ್ರತಿ ದೊರೆತವರಿಗೆ, ಎಲ್ಲಿ ಹೋಲಿಸಿ ನೋಡಬೇಕೆಂದು ತೋರಿಸುವ ಬೆರಳು ಅದು.

ಇನ್ನೊಂದು ಕೆಲಸ ಉಳಿಯುತ್ತದೆ. ಅಚ್ಚೊತ್ತಿಸಿ ಮಾರಿದ ಕನ್ನಡದ ತಟ್ಟೆಯಾದರೆ ಅದರ ಮೊತ್ತಗಳನ್ನು ಆ ಜಾಗತಿಕ ದಾಖಲೆಗೆ ಕಳುಹಿಸುವುದು. ಅದಕ್ಕೆ ಖರ್ಚಿಲ್ಲ; ಹಾಡನ್ನು ಯಾರಿಗೂ ಹಂಚಿದಂತಾಗುವುದೂ ಇಲ್ಲ. ಕಳುಹಿಸಿದವನಿಗೆ ಅಂದು ಸಾಕ್ಷಿ ಸಿಕ್ಕಿರಲಿಕ್ಕಿಲ್ಲ. ಆದರೆ ನಾಳೆ ಧಾರವಾಡದಲ್ಲೋ ಕಾಸರಗೋಡಿನಲ್ಲೋ ಅಮೆರಿಕದ ಕನ್ನಡಿಗರ ಮನೆಯಲ್ಲೋ ಇನ್ನೊಬ್ಬರು ಅದೇ ತಟ್ಟೆಯನ್ನು, ಅದರ ಮೇಲೆ ಬಿದ್ದ ಬೇರೊಂದು ಗೀರಿನೊಡನೆ, ಡ್ರೈವಿಗೆ ಹಾಕಿದಾಗ ಅವರಿಗೆ ಒಂದು ಸಾಕ್ಷಿ ಸಿದ್ಧವಾಗಿರುತ್ತದೆ. ರಾತ್ರಿಯ ಪಾಳಿ ಮುಗಿಸಿ ಬಂದು ಹಳೆಯ ತಟ್ಟೆಗಳನ್ನು ಒಂದೊಂದಾಗಿ ಓದಿಸುತ್ತಿರುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸದ್ಗೃಹಸ್ಥರು ಕಡೆಯ ಗುಂಡಿಯೊಂದನ್ನು ಒತ್ತುವುದಕ್ಕೆ ಮರೆಯದಿದ್ದರೆ ಸಾಕು.